15 ವರ್ಷ ತುಂಬಿದ ಮಾರುತಿ 800ಕ್ಕೆ ಎಫ್‌ಸಿ ಮಾಡಿಸುವುದು ಹೇಗೆ: ಕಾರ್ಪೆಟ್ ಎತ್ತುವುದರಿಂದ ತಪಾಸಣೆಯ ದಿನದವರೆಗೆ

2023ರ ಬೇಸಿಗೆಯಲ್ಲಿ ನಮ್ಮ ಮನೆಯ ಮಾರುತಿ 800 ಎಫ್‌ಸಿ ತಪಾಸಣೆಯಲ್ಲಿ, ಅಂದರೆ 15 ವರ್ಷ ತುಂಬಿದ ಗಾಡಿಯ ಆರ್‌ಸಿ ಮುಂದುವರಿಸಲು ಆರ್‌ಟಿಓದವರು ಮಾಡುವ ಪರೀಕ್ಷೆಯಲ್ಲಿ, ಫೇಲ್ ಆಯಿತು. 2008ರ ಗಾಡಿ, ಅಪ್ಪ ತೆಗೆದುಕೊಂಡಿದ್ದು. ಒಂದು ವಾರ ಮೊದಲು ಪಾಲಿಶ್ ಮಾಡಿಸಿದ್ದೆ, ಹೊಸ ಸೀಟ್ ಕವರ್ ಹಾಕಿಸಿದ್ದೆ. ಇನ್ಸ್‌ಪೆಕ್ಟರ್ ಅದ್ಯಾವುದನ್ನೂ ನೋಡಲಿಲ್ಲ. ಹ್ಯಾಂಡ್ ಬ್ರೇಕ್ ಎಳೆಯಲು ಹೇಳಿ ಗಾಡಿ ತಳ್ಳಿಸಿದರು. ಮುಂದಕ್ಕೆ ಉರುಳಿತು. ಬ್ರೇಕ್ ಒತ್ತಿಸಿ ಹಿಂದೆ ಹೋಗಿ ನಿಂತರು. ಎಡಗಡೆ ಲೈಟ್ ಹತ್ತಲಿಲ್ಲ. ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿದರು. ಕಟ್ ಕಟ್ ಅಂತ ಸದ್ದು ಬಂತು. ಮೂರು ಸಾಲು ಬರೆದುಕೊಟ್ಟು, ಸರಿ ಮಾಡಿಸಿಕೊಂಡು ಬನ್ನಿ ಅಂದರು.

ಮೂರೂ ಸೇರಿ ಒಂದೇ ದಿನದ ಕೆಲಸ ಆಗಿತ್ತು. ಮನೆಯ ಮುಂದೆಯೇ ನಿಂತು ಹುಡುಕಿದ್ದರೆ ಅರ್ಧ ಗಂಟೆಯಲ್ಲಿ ಸಿಗುತ್ತಿದ್ದವು.

ಆಮೇಲೆ ವಿಜಯಪುರದ ಬಾವನ ಗಾಡಿಗೆ, ಮುಧೋಳದ ಗೆಳೆಯನ ಗಾಡಿಗೆ ನಾನೇ ಜೊತೆಗಿದ್ದು ಮಾಡಿಸಿದೆ. ಎರಡೂ ಮೊದಲ ಸಲವೇ ಪಾಸ್ ಆದವು. ಈ ಸಲ ಗಾಡಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬಂದಿದ್ದೆವು, ಬಣ್ಣದ ಮಾತು ಕೊನೆಗೆ ಇಟ್ಟುಕೊಂಡಿದ್ದೆವು. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. 800 ಇಟ್ಟುಕೊಂಡವರಿಗೆ ನೇರವಾಗಿ ಉಪಯೋಗ ಆಗುತ್ತದೆ. ಹಳೆಯ ಆಲ್ಟೋ, ಓಮ್ನಿ, ಝೆನ್ ಇದ್ದವರಿಗೂ ಬಹುತೇಕ ಹೊಂದುತ್ತದೆ.

ತಾರೀಖು ಮತ್ತು ಕಾಗದ: ಎರಡು ತಿಂಗಳ ಮೊದಲೇ

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಪ್ರತಿ ಸಲ 5 ವರ್ಷಕ್ಕೆ ಮುಂದುವರಿಸಬೇಕು. ಇದನ್ನೇ ನಾವು ಎಫ್‌ಸಿ ಮಾಡಿಸೋದು ಅನ್ನುತ್ತೇವೆ. 15 ವರ್ಷ ಆದರೆ ಗಾಡಿ ಗುಜರಿಗೇ ಹೋಗಬೇಕು ಅಂತ ಹೆದರಿಸುವವರು ಬಹಳ ಜನ ಇದ್ದಾರೆ. ಅದು ದಿಲ್ಲಿ ಸುತ್ತಮುತ್ತಲಿನ ನಿಯಮದ ಮಾತು. ನಮ್ಮಲ್ಲಿ ಗಾಡಿ ಗಟ್ಟಿ ಇದ್ದು ತಪಾಸಣೆ ಪಾಸ್ ಆದರೆ 20 ವರ್ಷ ದಾಟಿಯೂ ಓಡಿಸಬಹುದು.

ಮಾರುತಿ 800 ಬಂದಿದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. 2010ರಲ್ಲಿ ಹೊಗೆಯ ಮಿತಿ ಬಿಗಿ ಮಾಡಿದ ಬಿಎಸ್-4 ನಿಯಮ ಬಂದ 13 ದೊಡ್ಡ ನಗರಗಳಲ್ಲಿ ಮಾರಾಟ ನಿಂತರೂ ನಮ್ಮ ಕಡೆ ಆಮೇಲೂ ಹೊಸ 800 ಸಿಗುತ್ತಿತ್ತು. ಹಾಗಾಗಿ ನಮ್ಮ ಜಿಲ್ಲೆಗಳಲ್ಲಿ ಇನ್ನೂ ಕೆಲವು ವರ್ಷ ಒಂದಾದ ಮೇಲೆ ಒಂದು 800 ಈ 15ರ ಗಡಿಗೆ ಬರುತ್ತಲೇ ಇರುತ್ತವೆ.

ಅರ್ಜಿ ಫಾರ್ಮ್ 25ರಲ್ಲಿ. ಆರ್‌ಸಿ ಮುಗಿಯುವ ದಿನಕ್ಕೆ 60 ದಿನ ಇರುವಾಗಿನಿಂದ ಪರಿವಾಹನ್ ಜಾಲತಾಣದಲ್ಲಿ ಹಾಕಬಹುದು. ಆ 60ನೇ ದಿನವೇ ಕೆಲಸ ಶುರು ಮಾಡಿ. 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ ₹5,000 ಆಗಿದೆ. ಮೊದಲು ₹600 ಇತ್ತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ₹10,000 ಮಾಡಿದರು. ತಡ ಮಾಡಿದರೆ ತಿಂಗಳಿಗೆ ₹500 ಬೇರೆ. ಇದರ ಜೊತೆಗೆ ರಾಜ್ಯದ ಹಸಿರು ತೆರಿಗೆಯೂ ಕಟ್ಟಬೇಕು. ಶುಲ್ಕ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಪರದೆಯ ಮೇಲೆ ತೋರಿಸುವ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಗಾಡಿ ಯಾವ ಆರ್‌ಟಿಓ ಕಚೇರಿಯ ದಾಖಲೆಯಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಕೆಎ-22 ಬೆಳಗಾವಿ, 28 ವಿಜಯಪುರ, 29 ಬಾಗಲಕೋಟೆ. ಚಿಕ್ಕೋಡಿಗೆ 23, ಬೈಲಹೊಂಗಲಕ್ಕೆ 24, ಜಮಖಂಡಿಗೆ 48, ಗೋಕಾಕಕ್ಕೆ 49.

ಕಾಗದದಲ್ಲಿ ಜನ ಸಿಕ್ಕಿಬೀಳುವುದು ನಾಲ್ಕು ಕಡೆ. ಒಂದು, ಸಾಲ ತೀರಿಸಿ ಹತ್ತು ವರ್ಷ ಆಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರುತ್ತದೆ. ಬ್ಯಾಂಕಿನ ಎನ್‌ಓಸಿ ತಂದು ಫಾರ್ಮ್ 35 ಕೊಟ್ಟು ತೆಗೆಸಿ. ಎರಡು, ಗಾಡಿ ತೀರಿಹೋದವರ ಹೆಸರಿನಲ್ಲೇ ಇರುತ್ತದೆ. ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಇದಕ್ಕೆ ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಎಲ್ಲ ಬೇಕು, ದಿನ ಹಿಡಿಯುತ್ತದೆ. ಮೂರು, ಹಳೆಯ ಟ್ರಾಫಿಕ್ ದಂಡ ಬಾಕಿ ಇರುತ್ತದೆ. ನಾಲ್ಕು, ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರ್ ಈಗ ಬಳಕೆಯಲ್ಲಿ ಇರುವುದಿಲ್ಲ. ಓಟಿಪಿ ಬರದೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತೀರಿ. ಹಳೆಯ ನಂಬರ್ ಪ್ಲೇಟ್ ಇದ್ದರೆ ಎಚ್‌ಎಸ್‌ಆರ್‌ಪಿ (ಹೊಸ ಹೈ ಸೆಕ್ಯುರಿಟಿ) ಪ್ಲೇಟನ್ನೂ ಈಗಲೇ ಬುಕ್ ಮಾಡಿಬಿಡಿ. ವಿಮೆ ಚಾಲ್ತಿಯಲ್ಲಿರಬೇಕು, ಅದು ಹೇಳಬೇಕಾಗಿಲ್ಲ.

ಕಾರ್ಪೆಟ್ ಎತ್ತಿ ನೋಡಿ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಗಾಡಿ ನೋಡುವ ವಯಸ್ಸಾದ ಮಿಸ್ತ್ರಿ ಒಬ್ಬರಿದ್ದಾರೆ. ನಾವೆಲ್ಲ ಕಾಕಾ ಅಂತೀವಿ. ಫೇಲ್ ಆದ ಸಾಯಂಕಾಲ ನೇರವಾಗಿ ಅವರ ಶೆಡ್‌ಗೆ ಹೋದೆ. ಅವರು ಚೀಟಿ ಓದಿ ಪಕ್ಕಕ್ಕೆ ಇಟ್ಟರು.

"ಇದು ನಾಳೆ ಮಾಡೂಣು. ಮೊದಲ ಕಾರ್ಪೆಟ್ ಎತ್ತಪಾ, ತಗಡ ಹೆಂಗೈತಿ ನೋಡೂಣು. ತಗಡ ಇದ್ದರ ಗಾಡಿ, ಇಲ್ಲಂದರ ಏನ್ ಬ್ರೇಕ್ ಮಾಡ್ತಿ?"

ಡ್ರೈವರ್ ಕಡೆಯ ಬಾಗಿಲಿನ ಕೆಳಗಿನ ಪಟ್ಟಿ ಬಿಚ್ಚಿ ಕಾರ್ಪೆಟ್ ಎತ್ತಿದೆವು. ಕೆಳಗಿನ ದಪ್ಪ ಹಾಸು ಒದ್ದೆಯಾಗಿತ್ತು. ಮಳೆ ನಿಂತು ಏಳು ತಿಂಗಳಾಗಿತ್ತು, ಆದರೂ ಒದ್ದೆ. ಹಳೆಯ ಬಾವಿಯ ವಾಸನೆ ಬಂತು. ಕಾಕಾ ಸ್ಕ್ರೂಡ್ರೈವರ್ ಹಿಡಿಯಿಂದ ತಗಡು ಬಡಿಯುತ್ತಾ ಬಂದರು. ಗೇರ್ ಕಡೆ ಟಣ್ ಟಣ್ ಅಂದಿತು. ಪೆಡಲ್ ಕೆಳಗೆ ಬಂದಾಗ ಸದ್ದು ಪದ್ ಅಂತ ಸತ್ತುಹೋಯಿತು. ಅಲ್ಲಿ ಸ್ಕ್ರೂಡ್ರೈವರ್ ತುದಿ ಊರಿದರು. ಹಪ್ಪಳದ ಹಾಗೆ ಮುರಿದು ಒಳಗೆ ಹೋಯಿತು. ತೂತಿನಿಂದ ಕೆಳಗಿನ ನೆಲ ಕಂಡಿತು.

ಇದು ಬೆಳಗಾವಿ, ಖಾನಾಪುರ ಕಡೆಯ ಗಾಡಿಗಳ ದೊಡ್ಡ ರೋಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒಣಗುವುದೇ ಇಲ್ಲ. ನೀರು ಒಳಗೆ ಬರುವ ದಾರಿ ಮೂರು. ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬಿರುಕು ಬಿಟ್ಟಿರುತ್ತದೆ. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿ ನೀರು ಹೋಗುವ ದಾರಿ ಕಟ್ಟಿರುತ್ತದೆ. ಕ್ಯಾಂಪ್, ತಿಲಕವಾಡಿಯಲ್ಲಿ ಮರದ ಕೆಳಗೆ ನಿಲ್ಲಿಸುವವರಿಗೆ ಇದು ಜಾಸ್ತಿ. ಬಾಗಿಲಿನ ತಳದ ಸಣ್ಣ ತೂತುಗಳು ಮಣ್ಣಿನಿಂದ ಮುಚ್ಚಿ, ಬಾಗಿಲೊಳಗೆ ನೀರು ನಿಂತಿರುತ್ತದೆ. ಬಾಗಿಲು ಜೋರಾಗಿ ಅಲ್ಲಾಡಿಸಿ ಕಿವಿ ಕೊಟ್ಟರೆ ನೀರು ಕುಲುಕುವ ಸದ್ದು ಕೇಳುತ್ತದೆ.

ನೀವು ನೋಡಬೇಕಾದ ಜಾಗಗಳು: ನಾಲ್ಕೂ ಕಾಲಿಡುವ ಜಾಗ, ಬಾಗಿಲಿನ ಕೆಳಗಿನ ಉದ್ದನೆಯ ಪಟ್ಟಿ, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯ ತಳ, ಹಿಂದಿನ ಚಕ್ರದ ಮೇಲಿನ ಕಮಾನಿನ ಒಳಬದಿ. ಆಮೇಲೆ ಎರಡು ಜಾಗ ತುಂಬ ಗಮನ ಕೊಟ್ಟು ನೋಡಿ. ಬಾನೆಟ್ ಎತ್ತಿದರೆ ಎರಡೂ ಪಕ್ಕದಲ್ಲಿ ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಬೋಲ್ಟ್ ಆಗಿರುವ ಗುಮ್ಮಟ ಕಾಣುತ್ತದೆ, ಅದು ಒಂದು. ಹಿಂದಿನ ಆಕ್ಸಲ್ ಹಿಡಿದಿರುವ ಕಬ್ಬಿಣದ ತೋಳುಗಳು ಬಾಡಿಗೆ ಸೇರುವ ಜಾಗ ಇನ್ನೊಂದು.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ನೆಲದ ತಗಡು ಎರಡು ಕಡೆ ತೂತು ಬಿದ್ದಿದ್ದರೆ ಹೆದರಬೇಡಿ. ಕೊಳೆತಿದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದರೆ ಇನ್ನೂ 5 ವರ್ಷ ಆರಾಮಾಗಿ ಬರುತ್ತದೆ. ಆದರೆ ಆ ಗುಮ್ಮಟ ಅಥವಾ ಹಿಂದಿನ ತೋಳು ಸೇರುವ ಜಾಗ ಜಂಗು ತಿಂದಿದ್ದರೆ ದುಡ್ಡು ಹಾಕಬೇಡಿ. ಅಲ್ಲಿ ತಗಡು ಹರಿದರೆ ಓಡುವ ಗಾಡಿಯಲ್ಲಿ ಚಕ್ರವೇ ವಾಲುತ್ತದೆ. ಅಂಥ ಗಾಡಿಯನ್ನು ಸರ್ಕಾರದಿಂದ ನೋಂದಣಿ ಪಡೆದ ಗುಜರಿ ಕೇಂದ್ರಕ್ಕೆ ಕೊಟ್ಟು, ಗಾಡಿ ಒಪ್ಪಿಸಿದ್ದಕ್ಕೆ ಅವರು ಕೊಡುವ ಠೇವಣಿ ಪ್ರಮಾಣಪತ್ರ ತೆಗೆದುಕೊಳ್ಳುವುದೇ ಒಳ್ಳೆಯದು. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿ ಅಲ್ವಾ.

ಟಿಂಕರಿಂಗ್‌ಗೆ ಕೊಡುವಾಗ ಮೂರು ಮಾತು ಹೇಳಿಯೇ ಕೊಡಿ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ವೈರ್ ಕಳಚಬೇಕು. 2000ದ ನಂತರದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿ ಆದರೆ ಇಂಜಿನ್ ನಿಯಂತ್ರಿಸುವ ಇಸಿಎಂ ಪೆಟ್ಟಿಗೆಯ ಕನೆಕ್ಟರ್ ಕೂಡ ತೆಗೆಯಬೇಕು. ಪೆಟ್ರೋಲ್ ಪೈಪ್ ಹತ್ತಿರ ಆದರೆ ಪೈಪ್ ಬಿಚ್ಚಿಟ್ಟೇ ಕೆಲಸ ಮಾಡಬೇಕು. ಮತ್ತು ಕೊಳೆತ ತಗಡಿನ ಮೇಲೆ ಎಂ-ಸೀಲ್ ಮೆತ್ತಿ ಕಪ್ಪು ಡಾಂಬರು ಬಳಿಯುವ ಕೆಲಸ ಬೇಡವೇ ಬೇಡ. ಇನ್ಸ್‌ಪೆಕ್ಟರ್ ಬಡಿದು ನೋಡಿದರೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಇನ್ನೂ ಕೆಟ್ಟದ್ದು, ಒಳಗೆ ಕೊಳೆಯುತ್ತಲೇ ಇರುತ್ತದೆ.

ಚಾಸಿ ನಂಬರ್ ವಿಷಯ ಮಾತ್ರ ಬಹಳ ಹುಷಾರು. ಬಾನೆಟ್ ಎತ್ತಿದರೆ ಇಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ ಒತ್ತಿರುತ್ತಾರೆ. ಅದರ ಪೆನ್ಸಿಲ್ ಪ್ರಿಂಟ್ ಅರ್ಜಿಗೆ ಬೇಕು. ಜಂಗು ಮುಚ್ಚಿದ್ದರೆ ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಗ್ರೈಂಡರ್ ಹಿಡಿಯಲು ಯಾರಿಗೂ ಬಿಡಬೇಡಿ. ಅಕ್ಷರ ಅಳಿಸಿದರೆ ಗಾಡಿ ಯಾರದ್ದು ಅಂತಲೇ ಪ್ರಶ್ನೆ ಏಳುತ್ತದೆ.

ವಿಜಯಪುರದ ಗಾಡಿಯ ಕಥೆ ಬೇರೆ

ಬಾವನ 800 ನೆಲ ಬಡಿದರೆ ಹೊಸ ಪಾತ್ರೆ ಬಡಿದ ಹಾಗೆ ಸದ್ದು. ಒಂದು ಚುಕ್ಕೆ ಜಂಗು ಇರಲಿಲ್ಲ. ಆದರೆ ರಬ್ಬರ್ ಅನ್ನುವುದು ಯಾವುದೂ ಉಳಿದಿರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಹದಿನೈದು ವರ್ಷ ಬಯಲಲ್ಲಿ ನಿಂತ ಗಾಡಿ. ವೈಪರ್ ಬ್ಲೇಡ್ ಗಟ್ಟಿಯಾಗಿ ಗಾಜು ಗೀರುತ್ತಿತ್ತು. ರೇಡಿಯೇಟರ್ ಪೈಪ್ ಹಿಸುಕಿದರೆ ಚರಚರ ಅಂದಿತು. ಟೈರ್‌ನ ಪಕ್ಕದಲ್ಲಿ ಬೇಸಿಗೆಯ ಎರೆಹೊಲದ ಹಾಗೆ ಬಿರುಕು.

"ಹಲ್ಲು ಭಾಳ ಐತಲೋ, ಇನ್ನೂ ಎರಡು ವರ್ಷ ನಡಿತಾವ" ಅಂದರು ಬಾವ. ಟೈರ್ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ತೋರಿಸಿದೆ: 1412. ಅಂದರೆ 2012ನೇ ವರ್ಷದ 14ನೇ ವಾರ ತಯಾರಾದ ಟೈರ್. ನಾಲ್ಕೂ ಬದಲಿಸಿದೆವು. 800ಕ್ಕೆ ಬೇಕಾದ ಅಳತೆ 145/70 ಆರ್12. ಹಲ್ಲಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು ಅಂತ ನಿಯಮ ಇದೆ. ಟೈರ್ ಹಲ್ಲುಗಳ ಮಧ್ಯೆ ಮಧ್ಯೆ ಸಣ್ಣ ಉಬ್ಬು ಇರುತ್ತದಲ್ಲ, ಹಲ್ಲು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಮುಗಿಯಿತು. ಟೈರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಹೊಸದು ಹಾಕುವ ಮೊದಲು ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಹೊಸದೂ ಹಾಗೇ ಸವೆಯುತ್ತದೆ.

ಮುಧೋಳದ ಗೆಳೆಯನ ಗಾಡಿ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಧೂಳಿನಲ್ಲಿ ಓಡಿದ್ದು. ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿದಾಗ ಮುಷ್ಟಿಯಷ್ಟು ಕರಿ ಧೂಳು ಸುರಿಯಿತು. ಅಂಥ ಧೂಳನ್ನು ಬಾಯಿಂದ ಊದಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ.

ಬ್ರೇಕ್

800ಕ್ಕೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ.

ಮನೆಯಲ್ಲೇ ಮಾಡುವ ಪರೀಕ್ಷೆ ಹೀಗೆ. ಮೊದಲು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ಇಳಿದಿದ್ದರೆ ಒಂದೋ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಹಿಂದಿನ ಟೈರ್‌ನ ಒಳಬದಿಗೆ ಬೆರಳಾಡಿಸಿ. ಎಣ್ಣೆಯ ಜಿಡ್ಡು ಇದ್ದರೆ ಡ್ರಮ್ ಒಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆ ಅಂತ ಅರ್ಥ. ಹಳೆಯ 800ರಲ್ಲಿ ಇದು ಬಹಳ ಸಾಮಾನ್ಯ. ಅದರಲ್ಲೂ ಜಾಸ್ತಿ ದಿನ ನಿಂತೇ ಇರುವ ಗಾಡಿಗಳಲ್ಲಿ. ಸಿಲಿಂಡರ್ ಸೋರಿ ಲೈನರ್ (ಡ್ರಮ್‌ಗೆ ಉಜ್ಜಿ ಹಿಡಿಯುವ ಪಟ್ಟಿ) ನೆನೆದಿದ್ದರೆ ಲೈನರ್ ಕೂಡ ಬದಲಿಸಬೇಕು. ಪೆಟ್ರೋಲಿನಿಂದ ತೊಳೆದು ಹಾಕುವ ಲೈನರ್ ಮತ್ತೆ ಹಿಡಿಯುವುದಿಲ್ಲ.

ಆಮೇಲೆ ಪೆಡಲ್. ಇಂಜಿನ್ ಆಫ್ ಇರುವಾಗ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ, ಒತ್ತುವ ಬಲ ಹೆಚ್ಚಿಸುವ ಬೂಸ್ಟರ್ ಸರಿ ಇದೆ. ಹಾಗೇ ಹಿಡಿದುಕೊಂಡಿರಿ. ನಿಧಾನವಾಗಿ ನೆಲಕ್ಕೆ ಇಳಿಯುತ್ತಾ ಹೋದರೆ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೆ ಸೋರುತ್ತಿದೆ ಅಥವಾ ಹೊರಗೆ ಎಲ್ಲೋ ಸೋರಿಕೆ ಇದೆ. ಒತ್ತಿದಾಗ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ, ಬ್ಲೀಡಿಂಗ್ ಮಾಡಿಸಿ ಆ ಗಾಳಿ ತೆಗೆಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಬೆಳಗಾವಿಯ ಹವೆಗೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿದರೆ ಸಿಲಿಂಡರ್‌ಗಳ ಆಯಸ್ಸು ಹೆಚ್ಚುತ್ತದೆ.

ರಸ್ತೆಯ ಪರೀಕ್ಷೆಗೆ ಜನ ಇಲ್ಲದ, ಸಮತಟ್ಟಾದ ಒಣ ರಸ್ತೆ ಹುಡುಕಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ 13 ಮೀಟರ್ ಒಳಗೆ ನಿಲ್ಲಬೇಕು ಅನ್ನುವುದು ನಿಯಮ. 13 ಮೀಟರ್ ಅಂದರೆ ಸುಮಾರು ನಾಲ್ಕು 800 ಗಾಡಿ ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಸುಣ್ಣದಿಂದ ಎರಡು ಗೆರೆ ಎಳೆದುಕೊಳ್ಳಿ. ನಿಲ್ಲುವಾಗ ಸ್ಟೇರಿಂಗ್ ಹಗುರವಾಗಿ ಹಿಡಿದಿರಿ. ಗಾಡಿ ಒಂದು ಕಡೆ ಎಳೆದರೆ ಮುಂದಿನ ಒಂದು ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) ಜಾಮ್ ಆಗಿರಬಹುದು. ಐದು ಕಿಲೋಮೀಟರ್ ಓಡಿಸಿ ಬಂದು ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಒಡ್ಡಿ, ಮುಟ್ಟಬೇಡಿ. ಒಂದರ ಬಿಸಿ ಜಾಸ್ತಿ ಅನ್ನಿಸಿದರೆ ಅಲ್ಲಿ ಬ್ರೇಕ್ ಹಿಡಿದುಕೊಂಡೇ ಇದೆ.

ನಾನು ಫೇಲ್ ಆದ ಹ್ಯಾಂಡ್ ಬ್ರೇಕ್‌ಗೆ ಬರುತ್ತೇನೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಎಳೆದು ನೋಡಿ. ಐದಾರು ಕಟಕಟಕ್ಕೆ ಗಾಡಿ ಕಲ್ಲಿನ ಹಾಗೆ ನಿಲ್ಲಬೇಕು. ಮೇಲಕ್ಕೆ ಪೂರ್ತಿ ಬಂದರೂ ಉರುಳಿದರೆ ಎಲ್ಲರೂ ಮಾಡುವುದು ಕೇಬಲ್ ಬಿಗಿ ಮಾಡಿಸುವುದು. ಅದು ತಪ್ಪು ಕ್ರಮ. ಮೊದಲು ಡ್ರಮ್ ಬಿಚ್ಚಿ ಲೈನರ್ ನೋಡಿ, ಅದನ್ನು ಸರಿ ಮಾಡಿ, ಆಮೇಲೆ ಕೇಬಲ್ ಮುಟ್ಟಿ. ಸವೆದ ಲೈನರ್ ಇಟ್ಟುಕೊಂಡು ಕೇಬಲ್ ಮಾತ್ರ ಬಿಗಿ ಮಾಡಿದರೆ ಎರಡು ವಾರ ಹಿಡಿಯುತ್ತದೆ, ಮತ್ತೆ ಸಡಿಲ. ನಮ್ಮ ಗಾಡಿಯಲ್ಲಿ ಕೇಬಲ್ ಒಳಗೇ ಜಂಗು ಹಿಡಿದು ಅಲುಗಾಡುತ್ತಿರಲಿಲ್ಲ. ಹೊಸ ಕೇಬಲ್, ಹೊಸ ಲೈನರ್ ಹಾಕಿಸಿದೆ.

ಸ್ಟೇರಿಂಗ್, ಚಕ್ರದ ಆಟ

ಈ ಪರೀಕ್ಷೆಗೆ ಇಬ್ಬರು ಬೇಕು. ಸಮತಟ್ಟಾದ ನೆಲದಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಜ್ಯಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಜಂಗು ಹಿಡಿದ ತಗಡಿಗೆ ಜ್ಯಾಕ್ ಕೊಟ್ಟರೆ ತಗಡೇ ಒಳಗೆ ಹೋಗುತ್ತದೆ.

ಚಕ್ರವನ್ನು ಎಡ ಬಲ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ ಇದ್ದರೆ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ರ್ಯಾಕ್ ಸವೆದಿದೆ. ಆಮೇಲೆ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಇಲ್ಲಿ ಆಟ ಇದ್ದರೆ ಬಾಲ್ ಜಾಯಿಂಟ್ (ಚಕ್ರವನ್ನು ಕೆಳಗಿನ ತೋಳಿಗೆ ಸೇರಿಸುವ ಕೀಲು) ಇರಬಹುದು, ಬೇರಿಂಗ್ ಇರಬಹುದು. ಯಾವುದು ಅಂತ ತಿಳಿಯಲು ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್. ಕಾಕಾ ಕಲಿಸಿದ ಈ ಒಂದು ಉಪಾಯದಿಂದ ಬೇಡದ ಬೇರಿಂಗ್ ಬದಲಿಸುವ ಖರ್ಚು ಉಳಿದಿದೆ.

ಹಾಗೇ ಚಕ್ರದ ಹಿಂದೆ ಆಕ್ಸಲ್ ಬೂಟ್ ನೋಡಿ. ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಚೀಲ ಅದು. ಹರಿದಿದ್ದರೆ ಚಕ್ರದ ಒಳಬದಿಗೆಲ್ಲ ಗ್ರೀಸ್ ಸಿಡಿದಿರುತ್ತದೆ. ಈಗಲೇ ಬೂಟ್ ಬದಲಿಸಿದರೆ ಸಣ್ಣ ಖರ್ಚು. ಬಿಟ್ಟರೆ ಒಳಗೆ ಮಣ್ಣು ಸೇರಿ ಜಾಯಿಂಟ್ ಹೋಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಓಡಿಸಿದಾಗ ಕಟಕಟ ಅಂದರೆ ಅದು ಹೋಗಿಯೇ ಆಗಿದೆ.

ಲೈಟು: ಬಲ್ಬಿಗಿಂತ ಅರ್ಥಿಂಗ್ ಜಾಸ್ತಿ ಕಾಡುತ್ತದೆ

ಸಾಯಂಕಾಲ ಕತ್ತಲಾದ ಮೇಲೆ ಗೋಡೆಯ ಹತ್ತಿರ ಗಾಡಿ ನಿಲ್ಲಿಸಿ. ಒಬ್ಬರು ಒಳಗೆ ಕೂತು ಒಂದೊಂದೇ ಹಾಕಲಿ: ಪಾರ್ಕ್, ಡಿಮ್, ಬ್ರೈಟ್, ನಾಲ್ಕೂ ಇಂಡಿಕೇಟರ್, ಬ್ರೇಕ್, ರಿವರ್ಸ್, ನಂಬರ್ ಪ್ಲೇಟ್ ಲೈಟ್. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.

ಬ್ರೇಕ್ ಒತ್ತಿದಾಗ ಇಂಡಿಕೇಟರ್ ಕೂಡ ಮಂಕಾಗಿ ಮಿನುಗಿದರೆ ಬಲ್ಬ್ ಬದಲಿಸುತ್ತಾ ಕೂರಬೇಡಿ. ಅದು ಅರ್ಥಿಂಗ್ ದೋಷ, ಕರೆಂಟ್ ಬಾಡಿಯ ಮೂಲಕ ವಾಪಸ್ ಹೋಗುವ ದಾರಿ ಕೆಟ್ಟಿದೆ. ಹಿಂದಿನ ಲೈಟ್ ಬಿಚ್ಚಿ, ಬಾಡಿಗೆ ಸೇರುವ ಕಪ್ಪು ವೈರಿನ ತುದಿ ಮತ್ತು ತಗಡನ್ನು ಸ್ಯಾಂಡ್ ಪೇಪರ್‌ನಿಂದ ತಿಕ್ಕಿ ಹೊಳೆಯುವಂತೆ ಮಾಡಿ, ಬಿಗಿ ಮಾಡಿ. ನಮ್ಮ ಎಡಗಡೆ ಲೈಟ್‌ನ ದೋಷವೂ ಇದೇ ಆಗಿತ್ತು. ಬಲ್ಬ್ ಚೆನ್ನಾಗಿಯೇ ಇತ್ತು, ಹೋಲ್ಡರ್ ಒಳಗೆ ಹಸಿರು ಕಿಲುಬು.

ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಒಂದು ಕಡೆ ಮಾತ್ರ ಆತುರವಾಗಿ ಮಿನುಗಿದರೆ ಆ ಕಡೆಯ ಒಂದು ಬಲ್ಬ್ ಹೋಗಿದೆ. ಹೆಡ್‌ಲೈಟ್ ಮಬ್ಬಾಗಿದ್ದರೆ ದೊಡ್ಡ ವಾಟಿನ ಬಲ್ಬ್ ಹಾಕಬೇಡಿ, ಹಳೆಯ ವೈರಿಂಗ್ ಸುಟ್ಟುಹೋಗುತ್ತದೆ. 60/55 ವಾಟಿನದೇ ಸಾಕು. ಒಳಗಿನ ಹೊಳಪು ಹೋಗಿದ್ದರೆ ಇಡೀ ಹೆಡ್‌ಲೈಟ್ ಬದಲಿಸಿ. ಡಿಮ್ ಬೆಳಕು 10 ಮೀಟರ್ ದೂರದ ಗೋಡೆಯ ಮೇಲೆ ಲೈಟಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು.

ಹಾರ್ನ್, ವೈಪರ್, ಕನ್ನಡಿ, ಸೀಟ್ ಬೆಲ್ಟ್, ಬಾಗಿಲಿನ ಚಿಲಕ, ಸ್ಪೀಡೋಮೀಟರ್ ಒಂದು ಸುತ್ತು ನೋಡಿ. ಮುಳ್ಳು ಅಲ್ಲಾಡದಿದ್ದರೆ ಮೊದಲು ಕೇಬಲ್ ನೋಡಿ, 800ರಲ್ಲಿ ಬಹಳ ಸಲ ತುಂಡಾಗುವುದು ಅದೇ. ಗಾಜಿನ ಕಪ್ಪು ಫಿಲ್ಮ್, ಮುಂದಿನ ಕಬ್ಬಿಣದ ಬಂಪರ್ ಗಾರ್ಡ್, ಕರ್ಕಶ ಹಾರ್ನ್ ತೆಗೆದುಬಿಡಿ.

ಪೆಟ್ರೋಲ್ ಪೈಪ್, ಹೊಗೆ

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ನಮ್ಮ ಜಿಲ್ಲೆಗಳ ಕಬ್ಬಿನ ಕಾರ್ಖಾನೆಗಳಲ್ಲೇ ಅದು ತಯಾರಾಗುತ್ತದೆ. ಕಬ್ಬು ಬೆಳೆಯುವವರಿಗೆ ಒಳ್ಳೆಯದು, ಆದರೆ ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನು ಇದಕ್ಕಾಗಿ ಮಾಡಿದ್ದಲ್ಲ. ಟ್ಯಾಂಕಿನಿಂದ ಇಂಜಿನ್‌ವರೆಗಿನ ಪ್ರತಿ ರಬ್ಬರ್ ತುಂಡನ್ನೂ ಬಗ್ಗಿಸಿ ನೋಡಿ. ಬಿರುಕು ಕಂಡರೆ, ಉಬ್ಬಿದ್ದರೆ, ಬೆಳಗ್ಗೆ ಗಾಡಿಯ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಅದೇ ದಿನ ಬದಲಿಸಿ. ಎಫ್‌ಸಿ ಇರಲಿ ಬಿಡಲಿ, ಇದು ಬೆಂಕಿಯ ಪ್ರಶ್ನೆ. ಗ್ಯಾಸ್ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು, ಟ್ಯಾಂಕಿನ ಪರೀಕ್ಷೆಯ ದಿನಾಂಕ ಮೀರಿರಬಾರದು.

ಎಮಿಷನ್ ಟೆಸ್ಟ್‌ನಲ್ಲಿ ಎರಡು ಅಂಕಿ ನೋಡಿ. ಬಿಎಸ್-2, ಬಿಎಸ್-3 ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 0.5, ಹೈಡ್ರೋಕಾರ್ಬನ್ 750 ಪಿಪಿಎಂ ಮೀರಬಾರದು. ಅದಕ್ಕಿಂತ ಹಳೆಯ ಕಾರ್ಬುರೇಟರ್ ಗಾಡಿಗೆ ಶೇ. 3 ಮತ್ತು 1500. ತಣ್ಣಗಿನ ಇಂಜಿನ್ ತೆಗೆದುಕೊಂಡು ಹೋದರೆ ಒಳ್ಳೆಯ ಗಾಡಿಯೂ ಫೇಲ್ ಆಗುತ್ತದೆ. 15-20 ನಿಮಿಷ ಓಡಿಸಿ ಬಿಸಿ ಮಾಡಿಕೊಂಡೇ ಹೋಗಿ.

ಅಂಕಿ ಜಾಸ್ತಿ ಬಂದರೆ ಅಗ್ಗದಿಂದ ಶುರು ಮಾಡಿ: ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಪ್ಲಗ್ ವೈರ್. ಕಾರ್ಬುರೇಟರ್ ಗಾಡಿಗೆ ಮಿಶ್ರಣದ ಸ್ಕ್ರೂ ಸರಿ ಮಾಡಿಸಬೇಕು. ಎಂಪಿಎಫ್‌ಐ ಗಾಡಿಗೆ ಆಕ್ಸಿಜನ್ ಸೆನ್ಸರ್ ನೋಡಿಸಬೇಕು. ಸೈಲೆನ್ಸರ್ ತೂತು ಬಿದ್ದಿದ್ದರೆ ಮೊದಲು ಅದನ್ನೇ ಸರಿ ಮಾಡಿಸಿ, ಇಲ್ಲದಿದ್ದರೆ ಮಷಿನ್ ತೋರಿಸುವ ಅಂಕಿಯೇ ತಪ್ಪು. ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಅದು ದೊಡ್ಡ ಕೆಲಸ. ತಗಡು ಗಟ್ಟಿ ಇದ್ದ ಗಾಡಿಗೆ ಮಾತ್ರ ಆ ಖರ್ಚು ಮಾಡಿ.

ಕೆಲಸದ ಸರದಿ

ಮೊದಲು ತಗಡು ಮತ್ತು ವೆಲ್ಡಿಂಗ್. ಆಮೇಲೆ ಬ್ರೇಕ್. ಅದಾದ ಮೇಲೆ ಸ್ಟೇರಿಂಗ್, ಅಲೈನ್‌ಮೆಂಟ್, ಟೈರ್. ಮುಂದೆ ವೈರಿಂಗ್, ಲೈಟ್. ಕೊನೆಗೆ ಎಮಿಷನ್, ತೊಳೆಯುವುದು. ಬಣ್ಣ ಮಾಡಿಸುವುದಿದ್ದರೆ ಆರ್‌ಸಿಯಲ್ಲಿ ಬರೆದ ಬಣ್ಣವನ್ನೇ ಮಾಡಿಸಿ. ವೆಲ್ಡಿಂಗ್ ಮಾಡಿದ ಮೇಲೆ ವೈರಿಂಗ್ ಇನ್ನೊಮ್ಮೆ ನೋಡಿ, ಕಿಡಿ ಬಿದ್ದು ವೈರ್ ಸುಟ್ಟಿರುವುದುಂಟು.

ತಪಾಸಣೆಯ ದಿನ

ಹಿಂದಿನ ರಾತ್ರಿಯೇ ಟೈರ್‌ಗೆ ಗಾಳಿ, ಟ್ಯಾಂಕಿಗೆ ಪೆಟ್ರೋಲ್ ಹಾಕಿಸಿಡಿ. ಮೂಲ ಆರ್‌ಸಿ, ವಿಮೆ, ಎಮಿಷನ್ ಪತ್ರ, ಆಧಾರ್, ಪ್ಯಾನ್, ಶುಲ್ಕದ ರಸೀದಿ, ಚಾಸಿ ಪ್ರಿಂಟ್ ಅಂಟಿಸಿದ ಅರ್ಜಿ ಒಂದೇ ಫೈಲ್‌ನಲ್ಲಿ ಇರಲಿ. ಚಾಸಿ ಪ್ರಿಂಟ್ ಎರಡು ಮೂರು ತೆಗೆದಿಟ್ಟುಕೊಳ್ಳಿ, ಒಂದು ಮಸುಕಾದರೆ ಇನ್ನೊಂದು. ಡ್ಯಾಶ್‌ಬೋರ್ಡ್‌ನಲ್ಲಿ ಎರಡು ಬಲ್ಬ್, ನಾಲ್ಕು ಫ್ಯೂಸ್, ಒಂದು ಸ್ಕ್ರೂಡ್ರೈವರ್ ಇರಲಿ. ಸಾಲಿನಲ್ಲಿ ನಿಂತಾಗ ಬಲ್ಬ್ ಹೋಗಿದ್ದನ್ನು ನಾನೇ ನೋಡಿದ್ದೇನೆ.

ತಪಾಸಣೆ ಮಾಡುವ ಇನ್ಸ್‌ಪೆಕ್ಟರನ್ನು ನಮ್ಮ ಕಡೆ ಹಿರಿಯರು ಇನ್ನೂ ಬ್ರೇಕ್ ಇನ್ಸ್‌ಪೆಕ್ಟರ್ ಅಂತಲೇ ಕರೆಯುತ್ತಾರೆ. ಆ ಹೆಸರಿನಲ್ಲೇ ಅವರು ಮೊದಲು ಏನು ನೋಡುತ್ತಾರೆ ಅಂತ ಇದೆ. ಗಾಡಿ ನೀವೇ ಓಡಿಸಿಕೊಂಡು ಹೋಗಿ. ಬಾನೆಟ್ ತೆರೆದಿಟ್ಟು, ಚಾಸಿ ನಂಬರ್ ಒರೆಸಿ, ಅವರು ಹೇಳಿದ್ದನ್ನು ಮಾಡಿ ತೋರಿಸಿ. ಒಂದು ದೋಷ ನಿಮಗೆ ಗೊತ್ತಿದ್ದು ಸರಿ ಆಗದೆ ಉಳಿದಿದ್ದರೆ ಮುಚ್ಚಿಡಬೇಡಿ, ಇನ್ನೊಂದು ದಿನಕ್ಕೆ ಹೋಗಿ.

ಫೇಲ್ ಆದರೆ ಏನೇನು ಸರಿ ಇಲ್ಲ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. 'ಸ್ಟೇರಿಂಗ್ ಸರಿ ಇಲ್ಲ' ಅಂತ ಮಾತ್ರ ಇದ್ದರೆ ಯಾವ ಕಡೆ, ಯಾವ ಜಾಗ ಅಂತ ವಿನಯದಿಂದ ಕೇಳಿ. ನಾನು ಕೇಳಿದಾಗ ಅವರು ಚಕ್ರ ಹಿಡಿದು ತೋರಿಸಿದರು: "ನೋಡ್ರಿ, ಬಲಗಡೆ ಬಾಲ್ ಜಾಯಿಂಟ್. ಎಡಗಡೆದು ಚಲೋ ಐತಿ." ಹಾಗಾಗಿ ಒಂದೇ ಕಡೆಯ ಖರ್ಚು ಬಂತು. ಬದಲಿಸಿದ ಭಾಗದ ಬಿಲ್ ಇಟ್ಟುಕೊಂಡು ಮರುತಪಾಸಣೆಗೆ ಹೋಗಿ. ಆರ್‌ಸಿಯ ಅವಧಿ ಮುಗಿದಿದ್ದರೆ ನಡುವೆ ಸುಮ್ನೆ ಊರು ಸುತ್ತಬೇಡಿ. ಅಪಘಾತ ಆದರೆ ವಿಮೆಯವರು ಮೊದಲು ಕೇಳುವುದೇ ಅದನ್ನು.

ಪಾಸ್ ಆಗಿ ಹೊಸ ಆರ್‌ಸಿ ಕೈಗೆ ಬಂದಾಗ ಹೆಸರಿನ ಅಕ್ಷರ, ಚಾಸಿ ನಂಬರ್, ಅವಧಿ ಮುಗಿಯುವ ದಿನ ಓದಿ ನೋಡಿ. ನಮ್ಮದರಲ್ಲಿ 2028 ಅಂತ ಬಂದಿದೆ. ಅವತ್ತು ಮನೆಗೆ ಬಂದ ಮೇಲೆ ಬಾಗಿಲಿನ ತಳದ ತೂತುಗಳನ್ನು ಒಂದು ತೆಳು ತಂತಿಯಿಂದ ಚುಚ್ಚಿ ಬಿಡಿಸಿದೆ, ವೈಪರ್ ಕೆಳಗಿನ ಎಲೆ ತೆಗೆದೆ, ಗಾಜಿನ ರಬ್ಬರ್ ಹೊಸದು ಹಾಕಿಸಿದೆ. ಮಳೆಗೆ ಇನ್ನೂ ಮೂರು ವಾರ ಇತ್ತು.